ಕಂಪನಿ ಗಾಳ

"ಬಿಡ್ಬೇಕಾ, ಹಿಡ್ಕೊಂಡೇ ಇರ್ಬೇಕಾ?"

ಯಾರನ್ನೂ ಕೇಳಿದ್ದಲ್ಲ. ಮೀನು ಹಿಡಿಯುವ ಸಾಮಾನಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನೊಬ್ಬನೇ ಇದ್ದ. ಎದುರಿಗೆ ನೀರು ತುಂಬಿದ ತೊಟ್ಟಿ, ತೊಟ್ಟಿಯಲ್ಲಿ ಒಂದು ಹುಸಿಮೀನು. ಮಾತು ಬಾಯಿಂದ ಜಾರಿ ಗೋಡೆಗೆ ತಾಗಿ ಹಿಂತಿರುಗಿದ ಮೇಲೆ, ಅದು ತನ್ನದೇ ದನಿ ಎಂದು ಗುರುತು ಹಿಡಿಯುವುದಕ್ಕೆ ಅವನಿಗೆ ಕೊಂಚ ಹೊತ್ತು ಬೇಕಾಯಿತು. ಅಷ್ಟರಲ್ಲಿ ಮುಂದಿನ ಗಲ್ಲೆಯಿಂದ ಯಜಮಾನರು ಅವನನ್ನು ಅಡ್ಡಹೆಸರಿನಿಂದಲೇ ಕೂಗಿದರು, "ಏ ಇಕ್ಕಳ, ಒಳಗೆ ಯಾರೋ ಅದು?" ಯಾರಿಲ್ಲ ಯಜಮಾನ್ರೇ, ಎಂದ. "ಮತ್ತೆ ಯಾರ ಹತ್ರ ಮಾತು? ಮೀನಿನ ಹತ್ರಾನಾ? ಅದೇನಾದ್ರೂ ಉತ್ತರ ಕೊಟ್ರೆ ನನಗೂ ಹೇಳಪ್ಪಾ, ಅಂಗಡಿ ಬಾಗ್ಲು ಹಾಕ್ಕೊಂಡು ಓಡೋಗ್ತೀನಿ." ನಗು ಬಂತು, ಮುಂದಿನ ಕೋಣೆಯಲ್ಲಿ. ಇಲ್ಲಿ ಹುಸಿಮೀನು ಮೇಲೂ ಬರದೆ, ತಳಕ್ಕೂ ಹೋಗದೆ, ನೀರಿನ ನಡುಮಧ್ಯೆ ನಿಂತುಕೊಂಡು, ಗಾಜಿನ ಒಂದು ಕಣ್ಣನ್ನು ಅವನ ಕಡೆಗೆ ತಿರುಗಿಸಿಕೊಂಡಿತ್ತು. ಅವನು ಸ್ಟೂಲನ್ನು ಒಂದಿಷ್ಟು ಪಕ್ಕಕ್ಕೆ ಎಳೆದುಕೊಂಡ. ನೀರನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಸ್ವಲ್ಪ ಹೊತ್ತಿಗೆ, ಯಾವ ಅವಸರವೂ ಇಲ್ಲದೆ, ಆ ಕಣ್ಣು ಅವನಿದ್ದ ಕಡೆಗೇ ತಿರುಗಿತು.

ತೂಕದ ಮಾತಷ್ಟೆ, ಬೇರೇನಿಲ್ಲ ಎಂದು ಅವನಿಗೆ ಗೊತ್ತಿತ್ತು. ಹಗುರ ಮರದ ತುಂಡಿಗೆ ಬಣ್ಣ ಬಳಿದು, ಕಣ್ಣಿಟ್ಟು, ಹೊಟ್ಟೆಗೊಂದು ಬಾಲಕ್ಕೊಂದು ಮೂರು ಮೊನೆಯ ಗಾಳ ತೂಗುಬಿಟ್ಟರೆ ಹುಸಿಮೀನು. ನಿಜವಾದ ಮೀನು ಇದನ್ನು ತನ್ನ ಜಾತಿಯ ಮರಿಯೆಂದು ನಂಬಿ ಬಾಯಿ ಹಾಕಬೇಕು. ಕಾರ್ಖಾನೆಯಿಂದ ಬರುವಾಗಲೇ ಅದಕ್ಕೆ ಗಾಳ ಇರುತ್ತದೆ. ಅಂಗಡಿಯ ಮಾತಿನಲ್ಲಿ ಅದು ಕಂಪನಿ ಗಾಳ. ಮೆತ್ತನೆಯ ತಂತಿ, ಜೋರಾಗಿ ಜಗ್ಗಿದರೆ ಬಾಗು ಬಿಟ್ಟು ನೆಟ್ಟಗಾಗುತ್ತದೆ, ಮೀನು ಹೋಗುತ್ತದೆ. ಅದಕ್ಕೇ ಹೆಚ್ಚಿನವರು ಕೊಂಡ ದಿನವೇ ಕಂಪನಿ ಗಾಳ ಕಳಚಿಸಿ ಗಟ್ಟಿ ಗಾಳ ಹಾಕಿಸಿಕೊಳ್ಳುತ್ತಾರೆ. ಇಕ್ಕಳದ ಮೂತಿಯಿಂದ ಸಣ್ಣ ಉಂಗುರ ಬಿಡಿಸಿ ಹಳೆಯದನ್ನು ತೆಗೆಯುವುದು, ಹೊಸದನ್ನು ಪೋಣಿಸುವುದು, ತೊಟ್ಟಿಯಲ್ಲಿ ಬಿಟ್ಟು ನೋಡುವುದು ಅವನ ಕೆಲಸ. ಗಟ್ಟಿ ಗಾಳ ಕೂದಲೆಳೆಯಷ್ಟು ಭಾರ ಹೆಚ್ಚು. ಅಷ್ಟರಲ್ಲೇ ಕೆಲವು ಮೀನು ತಲೆ ತಗ್ಗಿಸುತ್ತವೆ, ಕೆಲವು ಮಗ್ಗುಲಾಗುತ್ತವೆ, ಅಪರೂಪಕ್ಕೊಂದು ಹೀಗೆ ನಡುನೀರಿನಲ್ಲಿ ಕಾಲೂರಿದ ಹಾಗೆ ನಿಂತುಬಿಡುತ್ತದೆ. ಕಾಲೂರಿದ ಹಾಗೆ. ಆ ಮಾತು ಮನಸ್ಸಿಗೆ ಬಂದದ್ದೇ ಅವನು ಕೈ ಹಾಕಿ ಮೀನನ್ನು ಎತ್ತಿ, ಬಟ್ಟೆಯಲ್ಲಿ ಒರೆಸಿ, ಮಗ್ಗುಲಾಗಿ ಮಲಗಿಸಿ ಅದೇ ಬಟ್ಟೆಯಿಂದ ಕಣ್ಣು ಮರೆಮಾಡಿದ.

ಕಳಚಿದ ಕಂಪನಿ ಗಾಳಗಳನ್ನು ಅವನು ಬಿಸಾಡುತ್ತಿರಲಿಲ್ಲ. ಬಿಸಾಡಿದರೆ ಯಾರ ಕಾಲಿಗೋ ಹೊಕ್ಕೀತು. ಒಂದು ಹಳೆಯ ಹಾಲಿನ ಪುಡಿ ಡಬ್ಬಿಗೆ ಹಾಕುತ್ತ ಬಂದಿದ್ದ. ಒಂದರ ಮೊನೆ ಇನ್ನೊಂದರ ಕಣ್ಣಿಗೆ, ಅದರದು ಮತ್ತೊಂದಕ್ಕೆ ಸಿಕ್ಕಿಕೊಂಡು ಈಗ ಅದೆಲ್ಲ ಒಂದೇ ಮುದ್ದೆ. ಒಂದು ಗಾಳವನ್ನು ಎತ್ತಿದರೆ ಇಡೀ ಮುದ್ದೆ ಎದ್ದು ಬರುತ್ತದೆ, ಡಬ್ಬಿಯ ಆಕಾರದಲ್ಲೇ. ಅದರೊಳಗೆ ಎಲ್ಲೋ ಭಾವನ ಹುಸಿಮೀನಿನಿಂದ ಕಳಚಿದ ಎರಡು ಗಾಳ ಇದ್ದವು. ಯಾವುವು ಎಂದು ಈಗ ದೇವರಿಗೂ ಹೇಳಲಿಕ್ಕಾಗದು ಎಂದುಕೊಂಡು, ಹಾಗೆ ಅಂದುಕೊಂಡದ್ದಕ್ಕೆ ಕೆನ್ನೆ ತಟ್ಟಿಕೊಳ್ಳುತ್ತಿದ್ದ.

ಹತ್ತೂವರೆಯ ಹೊತ್ತಿಗೆ ಗಾರ್ಡು ಬಂದರು. ರೈಲಿನಲ್ಲಿ ಗಾರ್ಡಾಗಿದ್ದವರು, ನಿವೃತ್ತಿಯಾದ ಮೇಲೂ ಬಾಗಿಲಲ್ಲಿ ನಿಂತು ಒಮ್ಮೆ ಹಿಂದೆ ಒಮ್ಮೆ ಮುಂದೆ ನೋಡದೆ ಒಳಗೆ ಕಾಲಿಡುವವರಲ್ಲ. ಹೊಸ ಹುಸಿಮೀನೊಂದನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದರು. "ಏನಪ್ಪಾ ಇಕ್ಕಳ, ಈ ಕಂಪನಿ ಗಾಳ ತೆಗೆಸ್ಲೋ, ಇರ್ಲೋ?" ವರ್ಷಗಟ್ಟಲೆ ಅವನು ಉತ್ತರ ಹೇಳಿದ್ದ ಪ್ರಶ್ನೆ. ಒಂದು ಕಾಲದಲ್ಲಿ ಹೇಳುವುದೆಂದರೆ ಅವನಿಗೆ ಹಬ್ಬ. ಮುದುಕನ ಹಲ್ಲಿದ್ದ ಹಾಗೆ ಸಾರ್ ಇವು, ಇವತ್ತೇ ಕೀಳಿಸಿ, ಎನ್ನುತ್ತಿದ್ದ. ಈಗ ಬೆರಳನ್ನು ಉಂಗುರದ ಮೇಲೆ ಇಟ್ಟುಕೊಂಡೇ, "ನಿಮ್ಮಿಷ್ಟ ಸಾರ್," ಎಂದ. "ನನ್ನಿಷ್ಟ ನನಗೆ ಗೊತ್ತಿದ್ರೆ ನಿನ್ನ ಹತ್ರ ಯಾಕಯ್ಯಾ ಬರ್ತಿದ್ದೆ?" ಗಾರ್ಡು ಯಜಮಾನರ ಮುಖ ನೋಡಿದರು. ಯಜಮಾನರು ಗಲ್ಲೆಯಿಂದ ಎದ್ದೇ ಬಂದರು. "ನೋಡಿ ಸಾರ್ ಇವನ ಯೋಗ್ಯತೆ. ಡಾಕ್ಟ್ರ ಹತ್ರ ಹೋಗಿ ಬದುಕ್ತೀನಾ ಸ್ವಾಮಿ ಅಂತ ಕೇಳಿದ್ರೆ, ನಿಮ್ಮಿಷ್ಟ ಅಂದ ಹಾಗಾಯ್ತು. ಅಲ್ಲ ಕಣೋ, ಜನ ಬರೋದು ನಿನ್ನ ಒಂದು ಮಾತಿಗೆ. ತೆಗೀರಿ ಅನ್ನು, ಇರ್ಲಿ ಅನ್ನು. ಬಾಯಲ್ಲೇನು ಗಾಳ ಸಿಕ್ಕಿಕೊಂಡಿದ್ಯಾ?" ಇಬ್ಬರೂ ನಕ್ಕರು. ಅವನೂ ನಕ್ಕ. ನಗುವಾಗ ನಾಲಿಗೆಯ ಕೆಳಗೆ ಏನೋ ತಣ್ಣಗೆ ತಾಗಿದಂತಾಗಿ, ಅವರು ಆಚೆ ಹೋದ ಮೇಲೆ ಬೆರಳು ಹಾಕಿ ತಡವಿ ನೋಡಿಕೊಂಡ. ಏನೂ ಇರಲಿಲ್ಲ. ಇಂಥದ್ದು ಇತ್ತೀಚೆಗೆ ಹೆಚ್ಚಾಗಿತ್ತು. ದಿಂಬಿನ ಬಟ್ಟೆಯಲ್ಲಿ ಒಂದು ಗಾಳ, ಟವೆಲ್ಲಿನಲ್ಲಿ ಒಂದು, ಒಮ್ಮೆ ಸ್ನಾನ ಮಾಡಿ ಬಂದವನ ಅಂಗೈಯಲ್ಲೇ ಒಂದು, ನೋವಿಲ್ಲದೆ, ರಕ್ತವಿಲ್ಲದೆ, ಚರ್ಮದಲ್ಲಿ ಮೊದಲಿನಿಂದಲೂ ಇದ್ದ ಹಾಗೆ. ಗಾಳದ ಕೆಲಸ ಮಾಡುವವನ ಬಟ್ಟೆಗೆ ಗಾಳ ಅಂಟಿಕೊಂಡು ಬರುವುದು ಸಹಜ. ಮೊದಲೂ ಬರುತ್ತಿದ್ದವು. ಆದರೆ ಮೊದಲು ಚುಚ್ಚುತ್ತಿದ್ದವು.

ಗಾಳದ ಬೆನ್ನು ನೆಟ್ಟಗಿದೆ ಎಂದು ಭಾವ ಹೇಳಿದ್ದು ವರ್ಷಗಳ ಹಿಂದೆ, ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ. ತುಂಬಿದ ಮೇಜು, ಬಂಧುಬಳಗ, ಬಡಿಸುತ್ತ ನಿಂತ ಅಕ್ಕ. ಭಾವ ಜೇಬಿನಿಂದ ಒಂದು ಗಾಳ ತೆಗೆದು ದೀಪಕ್ಕೆ ಹಿಡಿದಿದ್ದರು. ಅಂದು ಬೆಳಿಗ್ಗೆ ದೊಡ್ಡ ಮೀನೊಂದು ಜಗ್ಗಿ, ನೆಟ್ಟಗೆ ಮಾಡಿ ಬಿಟ್ಟುಹೋಗಿದ್ದ ಗಾಳ. "ನೋಡ್ರಪ್ಪಾ, ನಮ್ಮ ಬಾಮೈದನ ಅಂಗಡಿ ಮಾಲು. ಅವನಿಗಿಲ್ಲದ ಬೆನ್ನೆಲುಬು ಅವನ ಗಾಳಕ್ಕಿದೆ!" ಭಾವನಿಗೆ ಕೋಪವೇನೂ ಇರಲಿಲ್ಲ. ಮೀನು ಹೋದದ್ದಕ್ಕೆ ಅವರಿಗೆ ಎಂದೂ ಬೇಸರವಿಲ್ಲ. ಜಗ್ಗಿದ್ರೆ ಬಿಟ್ಟುಬಿಡ್ಬೇಕು ಕಣೋ, ಅದಕ್ಕೇ ಕಂಪನಿಯೋನು ಹಾಗೆ ಮಾಡಿರ್ತಾನೆ, ನೀನು ಮುಟ್ಟಬೇಡ, ಎಂದು ಎಷ್ಟೋ ಸಲ ಹೇಳಿದ್ದರು. ಮುಳುಗಿದ ಮರಗಳ ನಡುವೆ ಹುಸಿಮೀನು ಸಿಕ್ಕಿಕೊಂಡರೆ ದಾರವನ್ನು ಕೈಗೆ ಸುತ್ತಿಕೊಂಡು ಒಂದೇ ಸಲ ಎಳೆಯುವುದು ಅವರ ಅಭ್ಯಾಸ. ಮೆತ್ತನೆ ಗಾಳ ಬಾಯಿ ಬಿಡುತ್ತಿತ್ತು, ಹುಸಿಮೀನು ಹಾರಿ ಕೈಗೆ ಬರುತ್ತಿತ್ತು. ಅಂದು ಮೇಜಿನ ಸುತ್ತ ಎಲ್ಲರೂ ನಕ್ಕರು. ಅದು ಅವನಿಗೆ ಅಷ್ಟಾಗಿ ತಾಗಲಿಲ್ಲ. ಬಡಿಸುವ ಸೌಟನ್ನು ಹಿಡಿದೇ, ಇನ್ನೊಂದು ಕೈಯ ಹಿಂಬದಿಯನ್ನು ಬಾಯಿಗೆ ಒತ್ತಿಕೊಂಡು, ಅಕ್ಕನೂ ನಕ್ಕಿದ್ದಳು. ಅಮ್ಮ ಹೋದ ಮೇಲೆ ಅವನಿಗೆ ತಲೆ ಬಾಚಿದವಳು, ಸಂಜೆ ದೀಪ ಹಚ್ಚಿ ಅಮ್ಮನ ದನಿಯಲ್ಲೇ ಪದ್ಯ ಓದಿ ಮಲಗಿಸಿದವಳು. ಓದುವಾಗ ಉಸಿರು ಮುಗಿದರೆ ಅವಳು ಸಾಲಿನ ನಡುವೆಯೇ ನಿಲ್ಲುತ್ತಿದ್ದಳು. ಆ ತಡೆಯಲ್ಲಿ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು, ತಲೆಯನ್ನು ಒಂದಿಷ್ಟು ವಾಲಿಸಿ, ಮುಂದಿನ ಪದಕ್ಕೆ ಕಾಯುತ್ತ ಕೂರುತ್ತಿದ್ದ ಅವನಿಗೆ, ಮುಂದಿನ ಪದ ಬರದೇ ಹೋದರೆ ಎಂಬ ಭಯ ಆಗಲೇ ಹುಟ್ಟಿದ್ದು.

ಮಾರನೆಯ ದಿನ ಭಾವ ಸ್ನಾನಕ್ಕೆ ಹೋಗಿದ್ದಾಗ, ಅಂಗಡಿಯಲ್ಲಿದ್ದುದರಲ್ಲೇ ಅತಿ ಗಟ್ಟಿಯಾದ ಎರಡು ಗಾಳ ತಂದು ಅವರ ಮೆಚ್ಚಿನ ಹಸಿರು ಮೀನಿಗೆ ಹಾಕಿದ. ಹೇಳಲಿಲ್ಲ. ಸ್ನಾನದ ಮನೆಯಲ್ಲಿ ನೀರು ಸುರಿಯುವ ಸದ್ದು ಕೇಳುತ್ತಲೇ ಇತ್ತು. ನೀರಿನ ಸದ್ದು ನಿಲ್ಲುವುದರೊಳಗೆ ಉಂಗುರ ಮುಚ್ಚಿಕೊಂಡಿತು.

ಮಧ್ಯಾಹ್ನ ಅಂಗಡಿಯ ಫೋನಿಗೆ ಅಕ್ಕ ಕರೆ ಮಾಡಿದಳು. ಯಜಮಾನರು ರಿಸೀವರನ್ನು ಚಾಚಿ, "ನಿಮ್ಮಕ್ಕ. ಅವರಿಗಾದ್ರೂ ಸರಿಯಾಗಿ ಉತ್ತರ ಕೊಡು," ಎಂದರು. ಅಕ್ಕನದು ಎರಡೇ ಮಾತು. "ಸಂಜೆ ಬಾ. ಇಕ್ಕಳ ತಗೊಂಡು ಬಾ." ಯಾಕಕ್ಕಾ ಎಂದ. "ಬಾ, ಹೇಳ್ತೀನಿ," ಎಂದು ಇಟ್ಟುಬಿಟ್ಟಳು. ಉಳಿದ ಹಗಲೆಲ್ಲ ಅವನ ಕೈ ಕೆಲಸ ಮಾಡಿತು. ಇಕ್ಕಳ ಯಾಕೆ? ಭಾವ ತೀರಿಹೋದ ಮೇಲೆ ಅಕ್ಕನ ಮನೆಗೆ ಅವನು ಹೋಗುತ್ತಿದ್ದದ್ದು ಹಾಲು ತರಕಾರಿ ಕೊಡಲು, ಕೆಟ್ಟ ಸ್ವಿಚ್ಚು ಸರಿಮಾಡಲು. ಆ ಮೀನಿನ ಮಾತು ಒಮ್ಮೆಯೂ ಬಂದಿರಲಿಲ್ಲ. ಗಾಳ ಬದಲಾದದ್ದು ಅಕ್ಕನಿಗೆ ಗೊತ್ತೋ ಇಲ್ಲವೋ ಎಂಬುದೊಂದನ್ನು ಬಿಟ್ಟು ಅವನ ಬದುಕಿನಲ್ಲಿ ತಿಳಿಯಬೇಕಾದ್ದು ಬೇರೇನೂ ಉಳಿದಿರಲಿಲ್ಲ. ಗೊತ್ತಿದ್ದರೆ ಅವಳು ಅವನಿಗೆ ಊಟಕ್ಕೆ ಇಕ್ಕುತ್ತಿರಲಿಲ್ಲ. ಇಕ್ಕುತ್ತಿದ್ದಳು, ಆದ್ದರಿಂದ ಗೊತ್ತಿಲ್ಲ. ಹೀಗೆ ಲೆಕ್ಕ ಹಾಕಿಕೊಂಡು ಇಷ್ಟು ದಿನ ಅವಳ ಕೈಯ ಅನ್ನ ಉಂಡಿದ್ದ.

ಅವಳ ಮನೆ ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯ ಮೇಲೆ. ಮೆಟ್ಟಿಲ ತುಂಬ ಕಾದ ಬಟ್ಟೆಯ ವಾಸನೆ. ಬಾಗಿಲು ತೆಗೆದವಳು ಅಕ್ಕನ ಮಗಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಅವಳದು, ಇನ್ನೂ ಬಿಳಿ ಕೋಟು ಬಿಚ್ಚಿರಲಿಲ್ಲ. "ಬನ್ನಿ ಬನ್ನಿ ಡಾಕ್ಟ್ರೇ, ಪೇಷೆಂಟು ರೆಡಿ ಇದೆ, ಆಪರೇಷನ್ ಶುರು ಮಾಡಿ," ಎಂದಳು. ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಮೂರು ಹೊಸ ಹುಸಿಮೀನುಗಳನ್ನು ಸಾಲಾಗಿ ಮಲಗಿಸಿದ್ದಳು. "ಭಾನುವಾರ ನಮ್ಮ ಆಸ್ಪತ್ರೆಯೋರೆಲ್ಲ ಅಣೆಕಟ್ಟಿನ ಹಿನ್ನೀರಿಗೆ ಹೋಗ್ತಿದೀವಿ ಮಾವ. ನಾನೂ ಗಾಳ ಹಾಕೋಳೇ. ಅಪ್ಪನ ಮಗಳು ಅಂತ ತೋರಿಸ್ಬೇಕಲ್ಲ." ಅವನು ಅಕ್ಕನನ್ನು ಹುಡುಕಿದ. ಅವಳು ಕಿಟಕಿಯ ಹತ್ತಿರ ಕೂತು ಸೊಪ್ಪು ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ. "ಅಮ್ಮಂಗೂ ನಂಗೂ ಜಗಳ. ಕಂಪನಿ ಗಾಳಾನೇ ಇರ್ಲಿ ಅಂತ ನಾನು. ಬದಲಾಯಿಸ್ಲೇಬೇಕು ಅಂತ ಇವ್ರು. ಗಾಳದ ವಿಷಯ ಇವ್ರಿಗೇನು ಗೊತ್ತು ಹೇಳಿ? ಮೊನ್ನೆ ಒಬ್ಬ ಬಂದಿದ್ದ ಮಾವ, ಅಂಗೈಯಲ್ಲಿ ಗಾಳ ಹೊಕ್ಕು. ಫಿಲ್ಮಲ್ಲಿ ನೋಡ್ಬೇಕಿತ್ತು ನೀವು. ಮೂಳೆಯೆಲ್ಲ ಮಂಜಿನ ಹಾಗೆ, ಗಾಳ ಒಂದೇ ಬೆಳ್ಳಗೆ, ಸ್ಪಷ್ಟವಾಗಿ, ಅದೇ ನಿಜವಾದದ್ದು ಅನ್ನೋ ಹಾಗೆ." ಹಾಗೆಂದು ನಕ್ಕು, ಒಣಗಿದ ಬಟ್ಟೆ ತರುತ್ತೇನೆಂದು ತಾರಸಿಗೆ ಹತ್ತಿಹೋದಳು. ಅವಳ ಹೆಜ್ಜೆ ಮೇಲೆ ಹೋಗಿ, ತಲೆಯ ಮೇಲಿನ ಛಾವಣಿಯಲ್ಲಿ ಅತ್ತಿಂದಿತ್ತ ಓಡಾಡತೊಡಗಿತು.

ಅಕ್ಕ ಸೊಪ್ಪನ್ನು ಪಕ್ಕಕ್ಕಿಟ್ಟು ಎದ್ದಳು. ದೇವರ ಗೂಡಿನ ಕೆಳಗಿನ ಖಾನೆಯಿಂದ ಬಟ್ಟೆಯಲ್ಲಿ ಸುತ್ತಿದ ಏನನ್ನೋ ತಂದು ಮೇಜಿನ ಮೇಲಿಟ್ಟು ಬಿಚ್ಚಿದಳು. ಬಟ್ಟೆ ಎಂದರೆ ಭಾವನ ಅಂಗಿಯ ತೋಳಿನ ತುದಿ, ಗುಂಡಿಯ ಸಮೇತ. ಅವರನ್ನು ನೀರಿನಿಂದ ಎತ್ತಿದ ದೋಣಿಯವನು ಕತ್ತರಿಸಿಕೊಟ್ಟದ್ದು. ಅದರೊಳಗೆ ಹಸಿರು ಮೀನು. ಇಷ್ಟು ದಿನಕ್ಕೆ ತುಕ್ಕು ತಿಂದು ಉದುರಿಹೋಗಿರಬೇಕಾಗಿದ್ದ ಗಾಳಗಳು, ಇವತ್ತು ಡಬ್ಬಿ ಒಡೆದು ತೆಗೆದ ಹಾಗೆ ಹೊಳೆಯುತ್ತಿದ್ದವು. ಅವನ ದೃಷ್ಟಿ ಅಲ್ಲೇ ನಿಂತದ್ದನ್ನು ಕಂಡು ಅಕ್ಕ, "ಎಣ್ಣೆ ಹಚ್ತೀನಿ," ಎಂದಳು. "ದೀಪಕ್ಕೆ ಹಾಕಿ ಉಳಿದದ್ದು. ದಿನಾ."

ಭಾವ ಸಿಕ್ಕ ದಿನ ಅವನೂ ದಡದಲ್ಲಿ ನಿಂತಿದ್ದ. ಹಿಂದಿನ ಸಂಜೆ ಭಾವ ಮನೆಗೆ ಬಂದಿರಲಿಲ್ಲ. ಬೆಳಿಗ್ಗೆ ಅಣೆಕಟ್ಟಿನವರು ತೂಬು ಎತ್ತಿಸಿದರು, ಹಿನ್ನೀರು ಇಳಿಯತೊಡಗಿತು. ಇಳಿದಂತೆ ಮುಳುಗಿದ ಮರಗಳ ತುದಿ ಕಂಡವು, ಆಮೇಲೆ ಕೊಂಬೆ, ಆಮೇಲೆ ಕೊಂಬೆಗಳ ನಡುವೆ ಒಂದು ತಲೆ, ಹೆಗಲು, ಎದೆ. ಭಾವ ನಿಂತಿದ್ದರು. ನೀರಿನಲ್ಲಿ ಕಾಲೂರಿ, ಒಂದು ಕೈ ಮುಂದೆ ಚಾಚಿ, ತಲೆಯನ್ನು ಒಂದಿಷ್ಟು ವಾಲಿಸಿ, ಯಾರೋ ಸಾಲಿನ ನಡುವೆ ಓದು ನಿಲ್ಲಿಸಿದ್ದಾರೆ, ಮುಂದಿನದಕ್ಕೆ ಕಾಯಬೇಕು ಎನ್ನುವ ಹಾಗೆ. ಹಸಿರು ಮೀನಿನ ಹೊಟ್ಟೆಯ ಗಾಳ ಮರದ ಕೊಂಬೆಯಲ್ಲಿ, ಬಾಲದ ಗಾಳ ಅವರ ಅಂಗಿಯ ತೋಳಿನಲ್ಲಿ. ಎಳೆದಿದ್ದಾರೆ, ಗಾಳ ಬಿಟ್ಟಿಲ್ಲ. ಯಾಕೆ ಬಿಡಲಿಲ್ಲ ಎಂದು ನೋಡಲು ನೀರಿಗಿಳಿದಿದ್ದಾರೆ. ಬಿಡಿಸಲು ಮುಳುಗಿದ್ದಾರೆ. ಮುಂದೇನಾಯಿತು ಎಂಬುದು ಆ ಗಾಳ ಹಾಕಿದವನಿಗಲ್ಲದೆ ಇನ್ನೊಬ್ಬರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ದಡದಲ್ಲಿ ಅಕ್ಕ ಅಳಲಿಲ್ಲ. ತುಂಬ ಹೊತ್ತು ನೋಡಿ, "ಇದಾರೆ," ಎಂದಳು, ಕಳೆದ ವಸ್ತು ಸಿಕ್ಕವರ ಹಾಗೆ.

"ಅವತ್ತು ನಾನೂ ನಕ್ಕೆ," ಎಂದಳು ಅಕ್ಕ ಈಗ. ಮೀನನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ಮೂರು ಹೊಸ ಮೀನುಗಳ ಪಕ್ಕಕ್ಕೆ ಇಟ್ಟಳು. "ಊಟಕ್ಕೆ ಕೂತಾಗ. ನಾನು ನಗಬಾರದಿತ್ತು. ಅದಕ್ಕೇ ಬದಲಾಯಿಸ್ದೆ, ಅಲ್ವಾ?"

ಮೇಲೆ ಹೆಜ್ಜೆಯ ಸದ್ದು ಗೋಡೆಯ ತನಕ ಹೋಗಿ ತಿರುಗಿತು. ಅವನ ಕಿವಿಯಲ್ಲಿ ಅಂದಿನ ಬಚ್ಚಲಿನ ನೀರು ಸುರಿಯತೊಡಗಿತು. ಇಷ್ಟು ಕಾಲ ಅವನು ಈ ಗಳಿಗೆಯನ್ನು ನೂರು ಬಗೆಯಲ್ಲಿ ಕಲ್ಪಿಸಿಕೊಂಡಿದ್ದ. ಅವಳು ಕಿರಿಚುತ್ತಾಳೆ, ಮುಖಕ್ಕೆ ಬಾಗಿಲು ಹಾಕುತ್ತಾಳೆ, ತಟ್ಟೆ ಕಿತ್ತುಕೊಳ್ಳುತ್ತಾಳೆ. ಸೊಪ್ಪು ಬಿಡಿಸಿದ ಹಸಿರು ಉಗುರುಗಳಲ್ಲಿ ಮೇಜಿನ ಮೇಲಿನ ಪೇಪರನ್ನು ನೇವರಿಸುತ್ತ ಇಷ್ಟು ಸಮಾಧಾನವಾಗಿ ಕೇಳುತ್ತಾಳೆಂದು ಮಾತ್ರ ಎಣಿಸಿರಲಿಲ್ಲ.

"ಯಾವಾಗಿಂದ ಗೊತ್ತು ಅಕ್ಕಾ?"

"ದೋಣಿಯೋನು ಕೈಗೆ ಕೊಟ್ಟಾಗಿಂದ. ನಿನ್ನ ಭಾವ ದಿನಾ ಗಾಳ ಎಲ್ಲ ಮೇಜಿನ ಮೇಲೆ ಹರಡ್ಕೊಂಡು ಕೂರ್ತಿದ್ರು. ನಾನು ಒರೆಸಿ ಎತ್ತಿಡ್ತಿದ್ದೆ. ಅವರ ಗಾಳ ನನಗೆ ಗೊತ್ತಾಗಲ್ವಾ?"

"ನನ್ನಿಂದಲೇ ಭಾವ—"

"ಗೊತ್ತು." ಅವಳು ಕೈ ಎತ್ತಿ ತಡೆದಳು, ಬಿಸಿ ಪಾತ್ರೆಯನ್ನು ಮುಟ್ಟಲು ಹೋದ ಮಗುವನ್ನು ತಡೆಯುವಂತೆ. "ಅದೂ ಗೊತ್ತು. ಆದ್ರೆ ಒಂದು ಕೇಳು. ಆ ಮೂಲೆ ಮನೆ ಮೇಷ್ಟ್ರ ಹೆಂಡ್ತಿ ಇದಾಳಲ್ಲ, ಅವಳ ಮಗನೂ ಅದೇ ನೀರಲ್ಲಿ ಹೋದ. ತೂಬಿನೊಳಗೆ ಎಳ್ಕೊಂಡು ಹೋಯ್ತು ಅಂತಾರೆ. ಸಿಗಲಿಲ್ಲ. ಒಂದು ಚಪ್ಪಲಿನೂ ಸಿಗಲಿಲ್ಲ. ಇವತ್ತಿಗೂ ಅವಳು ಬಾಗ್ಲು ತೆರೆದಿಟ್ಟೇ ಮಲಗ್ತಾಳೆ. ಗಾಳಿಗೆ ಬಾಗ್ಲು ಬಡಿದ್ರೆ, ಬಂದ್ಯೇನೋ ಅಂತ ಕೂಗ್ತಾಳೆ. ಅವಳ ದನಿ ಇಲ್ಲಿಗೂ ಕೇಳ್ಸುತ್ತೆ." ಅಕ್ಕ ಕಿಟಕಿಯ ಕಡೆ ನೋಡಿದಳು, ಈಗಲೂ ಕೇಳುತ್ತಿದೆಯೋ ಎಂಬಂತೆ. "ನಾನು ಬಾಗ್ಲು ಹಾಕಿ ಚಿಲಕ ಹಾಕಿ ಮಲಗ್ತೀನಿ ಕಣೋ. ನನಗೆ ನಿದ್ದೆ ಬರುತ್ತೆ. ಯಾಕೆ ಹೇಳು? ನಿನ್ನ ಗಾಳ ಬಿಡಲಿಲ್ಲ, ಅದಕ್ಕೆ. ಮೆತ್ತನೇದಾಗಿದ್ರೆ ಅವರ ಮುಖಾನೂ ಸಿಗ್ತಿರಲಿಲ್ಲ ನನಗೆ."

ಮೆತ್ತನೆಯದಾಗಿದ್ದರೆ ಭಾವ ನೀರಿಗೇ ಇಳಿಯುತ್ತಿರಲಿಲ್ಲ ಅಕ್ಕಾ, ಎನ್ನಬೇಕೆಂದು ಬಾಯಿ ತೆರೆದ. ಅವಳಿಗೆ ಅದೂ ಗೊತ್ತಿತ್ತು. ಗಾಳ ಗಂಡನನ್ನು ಕೊಂದದ್ದು, ಅದೇ ಗಾಳ ಅವರನ್ನು ಹಿಡಿದುಕೊಟ್ಟದ್ದು, ಎರಡನ್ನೂ ಎರಡು ಕೈಯಲ್ಲಿ ಹಿಡಿದು ಇಷ್ಟು ವರ್ಷ ಅವನಿಗೆ ಅನ್ನ ಬಡಿಸಿದ್ದಳು. ಅವಳು ತನ್ನನ್ನು ಕ್ಷಮಿಸಿದಳೆಂದು ಸಮಾಧಾನಪಡಲು ಹೋದವನು ಹೊಳೆಯುವ ಗಾಳಗಳನ್ನು ಮತ್ತೆ ನೋಡಿದ. ಇಲ್ಲಿ ಕ್ಷಮೆಯ ಮಾತೇ ಇರಲಿಲ್ಲ. ಇದ್ದದ್ದು ಕೃತಜ್ಞತೆ. ಖಾನೆಯ ಕತ್ತಲಲ್ಲಿ, ದೇವರ ಕಾಲ ಬುಡದಲ್ಲಿ, ದಿನವೂ ಎಣ್ಣೆ ಕುಡಿದು ಬೆಳೆಯುತ್ತ ಬಂದಿದ್ದ ಕೃತಜ್ಞತೆ.

"ಇವಳು ಹೋಗ್ತೀನಿ ಅಂತಾಳೆ. ಬೇಡ ಅಂದ್ರೆ ಕೇಳೋಳಲ್ಲ, ಅವರಪ್ಪನ ಹಾಗೇ. ಹೋಗ್ಲಿ," ಎಂದಳು ಅಕ್ಕ. ಮೂರು ಹೊಸ ಮೀನುಗಳನ್ನು ಒಂದೊಂದಾಗಿ ಅವನತ್ತ ತಳ್ಳಿದಳು. ಮೂರರ ಗಾಜಿನ ಕಣ್ಣೂ ಮೇಲಕ್ಕಿದ್ದವು. "ಇವಕ್ಕೂ ಅಂಥದ್ದೇ ಹಾಕು. ಅವತ್ತು ಹಾಕಿದ್ಯಲ್ಲ, ಅದೇ ಜಾತಿದು. ಏನೇ ಆದ್ರೂ ನನಗೆ ಸಿಗ್ಬೇಕು. ನಾನು ಬಾಗ್ಲು ತೆರೆದು ಕಾಯೋಳಲ್ಲ."

ಅವಳ ದನಿ ಅಮ್ಮನ ದನಿಯಾಗಿತ್ತು, ಪದ್ಯ ಓದುವಾಗಿನದು, ಏರದೆ ಇಳಿಯದೆ, ಪದದ ಮೇಲೆ ಪದವನ್ನು ಜೋಪಾನವಾಗಿ ಇಡುತ್ತ ಬಂದು ಸಾಲಿನ ನಡುವೆ ನಿಂತದ್ದು. ಮುಂದಿನ ಪದ ಅವನದು. ಅವಳು ಹೇಳಿದ್ದಕ್ಕೆ ಇಲ್ಲವೆಂದದ್ದು ಅವನಿಗೆ ನೆನಪಿರಲಿಲ್ಲ. ಬೇರೆ ಊರಿನ ಕೆಲಸ ಬಿಡು ಎಂದಾಗ ಬಿಟ್ಟಿದ್ದ, ಈ ಅಂಗಡಿ ಸೇರು ಎಂದಾಗ ಸೇರಿದ್ದ, ಉಣ್ಣು ಎಂದಾಗಲೆಲ್ಲ ಉಂಡಿದ್ದ. ನಿನ್ನಿಷ್ಟ ಅಕ್ಕಾ ಎಂಬುದು ನಾಲಿಗೆಯ ತುದಿಗೆ ತಾನಾಗಿಯೇ ಬಂದು ಕೂತಿತ್ತು, ತಣ್ಣಗೆ, ಬೆಳಿಗ್ಗೆ ತಡವಿದಾಗ ಸಿಗದೆ ಹೋದ ಜಾಗದಲ್ಲೇ. ಮೇಲೆ ತಾರಸಿಯಲ್ಲಿ ಹೆಜ್ಜೆಗಳು ನಿಂತವು. ಹುಡುಗಿ ಅಲ್ಲಿ ಎಲ್ಲಿ ನಿಂತಿದ್ದಾಳೆ, ಯಾವ ಕಡೆ ನೋಡುತ್ತಿದ್ದಾಳೆ ಎಂದು ಛಾವಣಿಯನ್ನು ನೋಡಿದ. ಕೈಯಲ್ಲಿ ಬಟ್ಟೆಯ ರಾಶಿ ಹಿಡಿದು, ತಲೆಯನ್ನು ಒಂದಿಷ್ಟು ವಾಲಿಸಿ ನಿಂತಿರಬಹುದು.

ಮೀನುಗಳನ್ನು ದೂರ ಸರಿಸಲೆಂದು ಅವನು ಬಲಗೈ ಎತ್ತಲು ಹೋದ. ಕೈ ಏಳಲಿಲ್ಲ. ಕೆಳಗೆ ನೋಡಿದರೆ ಹಸಿರು ಮೀನಿನ ಬಾಲದ ಗಾಳ ಅವನ ಅಂಗಿಯ ತೋಳಿನ ತುದಿಗೆ, ಗುಂಡಿಯ ಪಕ್ಕದಲ್ಲಿ, ಹೊಲಿಗೆ ಹಾಕಿದಷ್ಟು ನೀಟಾಗಿ ಹೊಕ್ಕಿತ್ತು. ಅವನು ಅದನ್ನು ಮುಟ್ಟಿರಲಿಲ್ಲ. ಅಕ್ಕನೂ ನೋಡಿದಳು. ನೋಡಿ, ಆಶ್ಚರ್ಯಪಡದೆ, ಇಕ್ಕಳವನ್ನು ಅವನ ಎಡಗೈಯ ಹತ್ತಿರಕ್ಕೆ ತಳ್ಳಿದಳು.

"ಹಾಕ್ತೀಯಲ್ಲ?"

ತಾರಸಿಯ ಮೆಟ್ಟಿಲಲ್ಲಿ ಹೆಜ್ಜೆಗಳು ಇಳಿಯತೊಡಗಿದವು. ಅವನು ತೋಳನ್ನು ಎಳೆಯಲಿಲ್ಲ. ಇಕ್ಕಳವನ್ನೂ ಮುಟ್ಟಲಿಲ್ಲ. ಸಿಕ್ಕಿಕೊಂಡ ಕೈಯನ್ನು ಇದ್ದಲ್ಲೇ ಇಟ್ಟುಕೊಂಡು, ಅಕ್ಕನ ಮುಖವನ್ನು ನೇರವಾಗಿ ನೋಡಿದ.

"ಇಲ್ಲ ಅಕ್ಕಾ. ಹಾಕಲ್ಲ."